ಭುಜ ಹಿಡಿದಾಗ: ಮೂಳೆ ಡಾಕ್ಟರೋ, ಸೂಜಿ ಕಾಕಾನೋ?

ಸೊಲ್ಲಾಪುರದಲ್ಲಿ ಯೂನಿಫಾರ್ಮ್ ಹೊಲಿಯೋದು ನನ್ನ ಕೆಲಸ. ಹೋದ ವರ್ಷ ಬಲ ಭುಜ ಹಿಡಿದುಕೊಂಡಿತು. ಹೆರಳು ಹಾಕೋಕೂ ಮಗಳನ್ನು ಕರೀಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಮುಗೀತು.

ಮೊದಲು ಹೋದದ್ದು ಮೂಳೆ ಡಾಕ್ಟರ ಹತ್ತಿರ. ತೋಳು ಹಿಡಿದು ಹೊರಗೆ ತಿರುಗಿಸಿ ನೋಡಿದರು, ತಿರುಗಲಿಲ್ಲ. ಫ್ರೋಜನ್ ಶೋಲ್ಡರ್ ಅಂದರು. ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಬಿಗಿಯುತ್ತದಂತೆ. 40ರಿಂದ 60 ವಯಸ್ಸಿನವರಿಗೆ, ಅದರಲ್ಲೂ ಶುಗರ್ ಇದ್ದವರಿಗೆ ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿದರೆ ನನಗೂ ಶುಗರ್! ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲ ದಿನ ಶುಗರ್ ಏರುತ್ತದೆ ಅಂತ ಬರೀ ಮಾತ್ರೆ, ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿದರು. ಎಲ್ಲಾ ಐದೇ ನಿಮಿಷ. ನೋವಿನ ಮಾತ್ರೆಗೆ ಹೊಟ್ಟೆ ಉರಿ ಬೇರೆ.

ಆಮೇಲೆ ಸೂಜಿ ಕಾಕಾ. ಆಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚಿ ನೋವು ಇಳಿಸುವ ಚೀನಾದ ಪದ್ಧತಿ, ಅವರಿಗೆ ಅಪ್ಪನಿಂದ ಬಂದ ವಿದ್ಯೆ. ಗೋಡೆ ಮೇಲೆ ಅಪ್ಪನ ಫೋಟೋ, ಪಕ್ಕದಲ್ಲಿ ನಮ್ಮೂರಿನ ಡಾ. ದ್ವಾರಕಾನಾಥ ಕೋಟ್ನೀಸರದು, ಈ ವಿದ್ಯೆ ತಂದವರು ಅವರೇ ಅನ್ನೋ ಹಾಗೆ. ನಿಜ ಹೇಳಬೇಕೆಂದರೆ ಕೋಟ್ನೀಸ್ 1938ರಲ್ಲಿ ಭಾರತದ ವೈದ್ಯರ ತಂಡದ ಜೊತೆ ಚೀನಾಕ್ಕೆ ಹೋದದ್ದು ಯುದ್ಧದ ಗಾಯಾಳುಗಳಿಗೆ ಆಪರೇಷನ್ ಮಾಡೋಕೆ. 1942ರಲ್ಲಿ ಅಲ್ಲೇ ತೀರಿಕೊಂಡರು. ಸೂಜಿ ವಿದ್ಯೆ ಕಲಿತು ಕೋಲ್ಕತ್ತಾಕ್ಕೆ ತಂದವರು ಅದೇ ತಂಡದ ಡಾ. ಬಿ.ಕೆ. ಬಸು. ಹಾಗಂದೆ. ಕಾಕಾ ನಕ್ಕರು: "ಇರ್ಲಿ ಬಿಡವ್ವಾ, ನಮ್ಮೂರಾವ್ರಲ್ಲೇನ?"

ಭುಜ ನೋವು ಅಂದರೆ ಅವರು ಚುಚ್ಚಿದ್ದು ಮೊಣಕಾಲಿನ ಕೆಳಗೆ! ಹೊಸ ಪ್ಯಾಕೆಟ್ ನನ್ನೆದುರೇ ಒಡೆದರು. ಅಪ್ಪನ ಕಾಲದಲ್ಲಿ ಸೂಜಿ ಕುದಿಸಿ ಬಳಸುತ್ತಿದ್ದರಂತೆ. ನನ್ನ ಹೊಲಿಗೆ ಸೂಜಿಗಿಂತ ಎಷ್ಟೋ ಸಣ್ಣದು, ಕೂದಲಿನ ಹಾಗೆ. ಚುಚ್ಚಿದ್ದು ಗೊತ್ತಾಗಲಿಲ್ಲ. ಎರಡು ಬೆರಳಲ್ಲಿ ಹೊರಳಿಸಿದಾಗ ಮಾತ್ರ ಪಾದದ ತನಕ ಜೋಮು, ಒಂಥರಾ ಭಾರ. "ಈಗ ಕೈ ಎತ್ತು ನೋಡವ್ವಾ." ಕಿವಿ ತನಕ ಬಂತು! ಮರುದಿನ ಮತ್ತೆ ಕೆಳಗಿಳಿಯಿತು ಅನ್ನಿ. ಆದರೆ ಆ ರಾತ್ರಿ ನಿದ್ದೆ ಬಂತು. ಎಂಟು ಸಲ ಹೋದೆ, ಪ್ರತಿ ಸಲವೂ ನಿದ್ದೆ ಬಂತು.

ಶುಗರ್ ವಿಷಯ ಕಾಕಾಗೆ ಬೇಕಂತಲೇ ಹೇಳಿರಲಿಲ್ಲ. ನಾಡಿ ಹಿಡಿದು, ನಾಲಿಗೆ ನೋಡಿ, ಅರ್ಧ ಗಂಟೆ ಮಾತಾಡಿಸಿದರೂ ಅವರಿಗೆ ಅದು ಸಿಗಲಿಲ್ಲ. ಹಾಗಾಗಿ ಎರಡರಲ್ಲಿ ಒಂದೇ ಅಂದರೆ ನಾನು ಡಾಕ್ಟರ ಕಡೆ. ಕೈ ಸಡಿಲಾದದ್ದು ಯಾವುದರಿಂದ ಅಂತ ಕೇಳಬೇಡಿ. ಇದು ಒಂದೆರಡು ವರ್ಷದಲ್ಲಿ ತಾನಾಗೇ ಬಿಡೋದೂ ಉಂಟಂತೆ.

ಹೆರಳು ಈಗ ನಾನೇ ಹಾಕ್ಕೋತೀನಿ. ಬೆನ್ನು ತುರಿಸೋಕೆ ಮಾತ್ರ ಇನ್ನೂ ಮಗಳೇ ಬರಬೇಕು.