ಮಂಗಳೂರಿನಲ್ಲಿ ಒಂದು ರಾತ್ರಿಯ ಸ್ಲೀಪ್ ಸ್ಟಡಿ: ವಯರಿಂಗಿಗೆ ಪೂರ್ಣ ಅಂಕ, ವರದಿಗೆ ಅರ್ಧ

ಮಂಗಳೂರಿನ ಆಸ್ಪತ್ರೆಯೊಂದರ ಸ್ಲೀಪ್ ಲ್ಯಾಬಿನ, ಅಂದರೆ ಮೈಗೆ ವಯರು ಅಂಟಿಸಿ ರಾತ್ರಿಯ ನಿದ್ರೆಯನ್ನು ದಾಖಲಿಸುವ ಕಡೆಯ, ವಿಮರ್ಶೆ ಇದು. ರಾತ್ರಿ ಎಂಟೂವರೆಗೆ ಬರಹೇಳುತ್ತಾರೆ, ಬೆಳಿಗ್ಗೆ ಆರಕ್ಕೆ ಬಿಡುತ್ತಾರೆ. ಕೋಣೆ ಶುಚಿಯಾಗಿದೆ, ಹಾಸಿಗೆ ಮನೆಯದರಂತಿದೆ. ಆದರೆ ಸ್ಲೀಪ್ ಸ್ಟಡಿಯ ಹಣೆಬರಹ ನಿರ್ಧಾರವಾಗುವುದು ಎರಡೇ ಕಡೆ: ವಯರು ಅಂಟಿಸುವ ಮುಕ್ಕಾಲು ಗಂಟೆಯಲ್ಲಿ, ಮತ್ತು ಮರುದಿನ ಆ ದಾಖಲೆಯನ್ನು ಕೂತು ಓದುವವರ ಕಣ್ಣಿನಲ್ಲಿ.

ವಯರಿಂಗ್ ಇಲ್ಲಿ ನಿಜಕ್ಕೂ ಅಚ್ಚುಕಟ್ಟು. ಅಂದಾಜಿನಲ್ಲಿ ಅಂಟಿಸುವ ಅಭ್ಯಾಸ ಇಲ್ಲ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು ಅಳೆದು, ಆ ಅಳತೆಯನ್ನು ಶೇಕಡಾ 10, 20ರ ಅಂತರಗಳಾಗಿ ಭಾಗಿಸುವ 10-20 ಪದ್ಧತಿಯಂತೆ ಗುರುತು ಹಾಕುತ್ತಾರೆ. ತಲೆಯ ಮುಂಭಾಗ, ನಡುಭಾಗ, ಹಿಂಭಾಗಕ್ಕೆ ಎರಡೆರಡರಂತೆ ಮೆದುಳಿನ ಅಲೆ ಹಿಡಿಯುವ ಆರು ಇಲೆಕ್ಟ್ರೋಡ್, ಕಿವಿಯ ಹಿಂದಿನ ಮೂಳೆಗೆ ಎರಡು. ಓದುವುದಕ್ಕೆ ಬಲಬದಿಯ ಮೂರೇ ಸಾಕು. ಎಡಬದಿಯವು ಬದಲಿಗೆ ಇರುವಂಥವು; ನಡುರಾತ್ರಿ ಒಂದು ಕಳಚಿದರೆ ಮಲಗಿದವರನ್ನು ಎಬ್ಬಿಸಬೇಕಿಲ್ಲ. ಕಣ್ಣಿನವು ಎಡಗಣ್ಣಿನ ಹೊರತುದಿಯಿಂದ 1 ಸೆಂ.ಮೀ. ಕೆಳಗೆ, ಬಲಗಣ್ಣಿನದರಿಂದ 1 ಸೆಂ.ಮೀ. ಮೇಲೆ. ಹೀಗೆ ಮೇಲೆ ಕೆಳಗೆ ಮಾಡಿದರೆ ಕಣ್ಣು ಹೊರಳಿದಾಗ ಎರಡು ಗೆರೆಗಳು ಒಂದಕ್ಕೊಂದು ವಿರುದ್ಧವಾಗಿ ಏಳುತ್ತವೆ. ಮೆದುಳಿನ ಅಲೆ ಸೋರಿ ಬಂದದ್ದಾದರೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ. ಗದ್ದಕ್ಕೆ ಮೂರು. ಕೊನೆಗೆ ಒಂದೊಂದರ ಇಂಪಿಡೆನ್ಸ್ (ಚರ್ಮಕ್ಕೂ ಇಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) ನೋಡಿ, 5 ಕಿಲೋಓಮ್ ದಾಟಿದ್ದನ್ನು ಕಿತ್ತು, ಚರ್ಮ ಉಜ್ಜಿ, ಮತ್ತೆ ಅಂಟಿಸುತ್ತಾರೆ.

ಕೆಲಸ ಕೆಡಿಸುವುದು ನಮ್ಮ ಕಡೆಯ ತೆಂಗಿನೆಣ್ಣೆ. ಎಣ್ಣೆಯ ಪದರದ ಮೇಲೆ ಪೇಸ್ಟ್ ಹಿಡಿಯುವುದಿಲ್ಲ. 50 ಹರ್ಟ್ಸಿನ ಕರೆಂಟಿನ ಗದ್ದಲ ನುಗ್ಗಿ ಗೆರೆ ದಪ್ಪ ಪಟ್ಟಿಯಾಗುತ್ತದೆ. ತಲೆಗೆ ಶಾಂಪೂ ಹಾಕಿ ಮಿಂದು, ಎಣ್ಣೆ ಮುಟ್ಟಿಸದೆ, ಕೂದಲು ಪೂರ್ತಿ ಒಣಗಿಸಿ ಹೋಗಬೇಕು. ಗಡ್ಡವಿದ್ದರೆ ಗದ್ದದ ಭಾಗವನ್ನಾದರೂ ಬೋಳಿಸುವುದು ಒಳ್ಳೆಯದು. ಬೆರಳಲ್ಲಿ ಕಡು ಮದರಂಗಿ, ನೇಲ್ ಪಾಲಿಶ್ ಇದ್ದರೆ ಆಮ್ಲಜನಕ ಅಳೆಯುವ ಕ್ಲಿಪ್ ತಪ್ಪು ಓದಬಹುದು. ಬುಕ್ ಮಾಡುವಾಗ ಫೋನಿನಲ್ಲಿ ಇದೊಂದನ್ನೂ ಹೇಳುವುದಿಲ್ಲ. ಹೇಳಲೇಬೇಕಾದ ಮಾತುಗಳಿವು.

ದೀಪ ಆರಿಸುವ ಮೊದಲು ಚಿಕ್ಕ ತಪಾಸಣೆ: ಕಣ್ಣು ಬಿಟ್ಟು 30 ಸೆಕೆಂಡು, ಮುಚ್ಚಿ 30 ಸೆಕೆಂಡು, ಮೇಲೆ ಕೆಳಗೆ ನೋಡಿ, ಎಡ ಬಲ ನೋಡಿ, ಐದು ಸಲ ರೆಪ್ಪೆ ಬಡಿಯಿರಿ, ಹಲ್ಲು ಕಚ್ಚಿ, ಉಸಿರು ಹಿಡಿಯಿರಿ. ಕಾಟಾಚಾರವೆಂದು ಯಾರೂ ಅವಸರ ಮಾಡಬಾರದು. ಕಣ್ಣು ಮುಚ್ಚಿದಾಗ ಹಿಂದಲೆಯಲ್ಲಿ 8ರಿಂದ 13 ಹರ್ಟ್ಸಿನ ಆಲ್ಫಾ, ಅಂದರೆ ಎಚ್ಚರವಿದ್ದು ವಿರಮಿಸುವಾಗಿನ ಅಲೆ, ಏಳುತ್ತದೆಯೇ ಎಂಬುದು ಇಲ್ಲೇ ತಿಳಿಯಬೇಕು. ಆ ಆಲ್ಫಾ ಅಳಿದು 4ರಿಂದ 7 ಹರ್ಟ್ಸಿನ ಸಣ್ಣ ಅಲೆಗಳು ಅರ್ಧ ಪುಟ ಮೀರಿದರೆ ಅದು ಎನ್1, ನಿದ್ರೆಯ ಮೊದಲ ಹಂತ. ಕೆಲವರಲ್ಲಿ ಆಲ್ಫಾ ಏಳುವುದೇ ಇಲ್ಲ. ಅವರ ನಿದ್ರೆಯ ಆರಂಭವನ್ನು ಬೇರೆ ಗುರುತುಗಳಿಂದ ಹಿಡಿಯಬೇಕಾಗುತ್ತದೆ.

ಪುಟ ಎಂದರೆ 30 ಸೆಕೆಂಡು. ಸೆಕೆಂಡಿಗೆ 10 ಮಿ.ಮೀ. ಓಡುವ ಕಾಗದದಲ್ಲಿ 30 ಸೆಂ.ಮೀ.ನ ಒಂದು ಹಾಳೆ. ಕಾಗದ ಹೋಯಿತು, ಲೆಕ್ಕ ಉಳಿಯಿತು. 11ರಿಂದ 16 ಹರ್ಟ್ಸಿನ ಸ್ಪಿಂಡಲ್ (ಕ್ಷಣಕಾಲದ ಚುರುಕು ಅಲೆಗಳ ಗೊಂಚಲು) ಅಥವಾ ಕೆ-ಕಾಂಪ್ಲೆಕ್ಸ್ (ಎದ್ದು ಕಾಣುವ ಒಂಟಿ ದೊಡ್ಡ ಅಲೆ) ಕಂಡರೆ ಎನ್2. 75 ಮೈಕ್ರೋವೋಲ್ಟ್ ಮೀರಿದ ನಿಧಾನದ ಅಲೆಗಳು ಪುಟದ ಐದನೇ ಒಂದು ಭಾಗ, ಅಂದರೆ 6 ಸೆಕೆಂಡು ತುಂಬಿದರೆ ಎನ್3, ಗಾಢನಿದ್ರೆ. ಗದ್ದದ ಸ್ನಾಯು ಸಡಿಲಾಗಿ ಕಣ್ಣು ಚುರುಕಾಗಿ ಓಡಾಡಿದರೆ ರೆಮ್, ಕನಸು ಹೆಚ್ಚಾಗಿ ಬೀಳುವ ನಿದ್ರೆ.

ಸೆಕೆಗಾಲದಲ್ಲಿ ಈ ಎನ್3 ನಂಬುವುದೇ ಕಷ್ಟ. ಬೆವರಿದರೆ ಗೆರೆಗಳು ನಿಧಾನಕ್ಕೆ ತೇಲಾಡಿ ಗಾಢನಿದ್ರೆಯ ಅಲೆಯನ್ನೇ ಹೋಲುತ್ತವೆ, ಸಾಫ್ಟ್‌ವೇರ್ ಅದನ್ನು ಗಾಢನಿದ್ರೆ ಎಂದೇ ಬರೆದುಬಿಡಬಹುದು. ಈ ಲ್ಯಾಬಿನಲ್ಲಿ ಏಸಿ ರಾತ್ರಿಯಿಡೀ ತಂಪಾಗಿರುತ್ತದೆ, ಯುಪಿಎಸ್ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೂ ದಾಖಲೆ ತುಂಡಾಗುವುದಿಲ್ಲ.

ಇಷ್ಟು ಶ್ರದ್ಧೆಯಿಂದ ಹಿಡಿದ ದಾಖಲೆಗೆ ಕೊಡುವ ವರದಿ ಮಾತ್ರ ಬೇಸರ ತರಿಸುತ್ತದೆ. ಅದರಲ್ಲಿ ಸ್ಟೇಜ್ 3, ಸ್ಟೇಜ್ 4 ಎಂದು ಎರಡು ಸಾಲು. ಅದು 1968ರ ಪದ್ಧತಿ. 2007ರಲ್ಲೇ ಎರಡನ್ನೂ ಸೇರಿಸಿ ಎನ್3 ಮಾಡಿಯಾಗಿದೆ. ಹಂತಗಳನ್ನು ಸ್ಕೋರ್ ಮಾಡಿದ್ದು ಯಂತ್ರವೋ ಮನುಷ್ಯರೋ ಎಂದು ಬರೆದಿಲ್ಲ. ಗದ್ದದ ವಯರು ಸಡಿಲವಾದರೆ ಸ್ನಾಯುವಿನ ಗೆರೆಯೇ ಕೆಟ್ಟು ಯಂತ್ರ ಹಂತವನ್ನು ತಪ್ಪು ಓದಬಹುದಾದ್ದರಿಂದ, ಮನುಷ್ಯರ ಕಣ್ಣು ಬೇಕೇ ಬೇಕು. ಉಸಿರು ಕಡಿಮೆಯಾದ ಘಟನೆಗಳನ್ನು ಆಮ್ಲಜನಕದ 3% ಇಳಿಕೆಯಿಂದ ಎಣಿಸಿದರೋ 4% ಇಳಿಕೆಯಿಂದಲೋ ಎಂಬುದೂ ಇಲ್ಲ. ಒಂದೇ ರಾತ್ರಿ, ಎರಡು ಲೆಕ್ಕ, ಎರಡು ಬೇರೆ ಸಂಖ್ಯೆ ಬರುತ್ತದೆ. ಸಿಪ್ಯಾಪ್ (ಉಸಿರಿನ ದಾರಿ ಮುಚ್ಚದಂತೆ ಮಾಸ್ಕಿನಿಂದ ಗಾಳಿ ಒತ್ತುವ ಯಂತ್ರ) ಬೇಕೋ ಬೇಡವೋ ಎಂಬ ತೀರ್ಮಾನ ಅದರ ಮೇಲೆ ನಿಂತಿರುತ್ತದೆ.

ಇದೇ ಲ್ಯಾಬ್ ಮನೆಗೆ ಕೊಡುವ ಕಿಟ್ಟಿನಲ್ಲಿ ಮೆದುಳಿನ ವಯರೇ ಇಲ್ಲ, ಹಾಗಾಗಿ ಹಂತಗಳೂ ಇಲ್ಲ. ನಿದ್ರೆ ಬಂದದ್ದು ಎಷ್ಟು ಹೊತ್ತು ಎಂದು ಗೊತ್ತಾಗದೆ ದಾಖಲೆಯ ಒಟ್ಟು ಹೊತ್ತಿನಿಂದ ಭಾಗಿಸುತ್ತಾರೆ. 7 ಗಂಟೆಯ ದಾಖಲೆಯಲ್ಲಿ 80 ಘಟನೆ ಇದ್ದರೆ ಗಂಟೆಗೆ 11. ನಿಜಕ್ಕೂ ನಿದ್ರಿಸಿದ್ದು 5 ಗಂಟೆಯಾದರೆ 16. ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಅಳತೆಯಲ್ಲಿ ಮೊದಲನೆಯದು ಸೌಮ್ಯ, ಎರಡನೆಯದು ಮಧ್ಯಮ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇರುವವರಿಗೆ ಹಲವು ಸಲ ಕಿಟ್ ಸಾಕು. ಕಿಟ್ಟಿನಲ್ಲಿ ಏನೂ ಇಲ್ಲವೆಂದು ಬಂದರೂ ತೂಕಡಿಕೆ ನಿಲ್ಲದಿದ್ದರೆ ಲ್ಯಾಬಿಗೇ ಹೋಗಿ.

ಇನ್ನೊಂದು ಕೊರತೆ: ಹಗಲಿನ ಸ್ಲಾಟ್ ಇಲ್ಲ. ಯಕ್ಷಗಾನ ಮೇಳದಲ್ಲಿ ಬೆಳಗಿನವರೆಗೆ ಆಟ ಕುಣಿಯುವ ಕಲಾವಿದರನ್ನು, ರಾತ್ರಿಯೆಲ್ಲ ಬಲೆ ಎಳೆಯುವ ಬೋಟಿನವರನ್ನು ಹತ್ತು ಗಂಟೆಗೆ ಮಲಗಿಸಿದರೆ ಅವರ ನಿದ್ರೆ ಸಿಗುವುದಿಲ್ಲ. ಅವರು ದಿನಾ ಮಲಗುವ ಹೊತ್ತಿಗೇ ಅಳೆಯಬೇಕು.

ಕೇಳಿದರೆ ಇಡೀ ರಾತ್ರಿಯ ಇಡಿಎಫ್ ಫೈಲನ್ನು (ಎಲ್ಲ ಗೆರೆಗಳ ಮೂಲ ದಾಖಲೆ) ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾರೆ. ತಪ್ಪದೆ ಕೇಳಿ ತೆಗೆದುಕೊಳ್ಳಿ. ವರದಿ ಒಪ್ಪಿಗೆಯಾಗದಿದ್ದರೆ ಮತ್ತೊಂದು ರಾತ್ರಿ ವಯರು ಕಟ್ಟಿಸಿಕೊಳ್ಳದೆ, ಬೇರೆ ತಜ್ಞರಿಂದ ಅದನ್ನೇ ಓದಿಸಬಹುದು.