ಕವಿತೆಯನ್ನು ಹಂತ ಹಂತವಾಗಿ ಓದಿಸುವ ಉಡುಪಿಯ ಒಂದು ತರಗತಿ

ಉಡುಪಿಯ ಬ್ರಹ್ಮಗಿರಿಯ ಸಮೀಪ ಪ್ರೌಢಶಾಲೆ ಮತ್ತು ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಶನಿವಾರ ಅಪರಾಹ್ನ ನಡೆಯುವ ಕಾವ್ಯ ವಿಶ್ಲೇಷಣೆಯ ತರಗತಿಗೆ ಈ ವರ್ಷ ಮಗಳನ್ನು ಸೇರಿಸಿದ್ದೆ. ಹೆತ್ತವರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಅವಕಾಶವಿದ್ದುದರಿಂದ ಪಾಠಗಳನ್ನು ನಾನೂ ಕೇಳಿದೆ. ಪದ್ಯದ ಸಾರಾಂಶವನ್ನು ಗೈಡಿನಿಂದ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುವ ಮಕ್ಕಳು, ಅದೇ ಕವಿಯ ಇನ್ನೊಂದು ಪದ್ಯವನ್ನು ಕೊಟ್ಟರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಸುಮ್ಮನಾಗುವುದನ್ನು ಕಂಡವರಿಗೆಲ್ಲ ಇಂಥ ತರಗತಿಯ ಅಗತ್ಯ ಅರ್ಥವಾಗುತ್ತದೆ.

ಇಲ್ಲಿನ ಕ್ರಮದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ಭಾವಾರ್ಥವನ್ನು ಕೊನೆಯವರೆಗೂ ತಡೆದಿಡುವ ಶಿಸ್ತು. ಮೊದಲು ಗಟ್ಟಿಯಾಗಿ ಓದಬೇಕು. ಆಮೇಲೆ ಸಂಧಿ ಬಿಡಿಸಿ, ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಿ, ಸಾಲುಗಳನ್ನು ಗದ್ಯದ ಅನ್ವಯಕ್ಕೆ ತರಬೇಕು. ಮಾತಾಡುತ್ತಿರುವವರು ಯಾರು, ಯಾರೊಂದಿಗೆ, ಯಾವ ಸಂದರ್ಭದಲ್ಲಿ ಎಂಬುದನ್ನು ಪದ್ಯದೊಳಗಿನ ಪದವನ್ನೇ ತೋರಿಸಿ ಹೇಳಬೇಕು. ಪ್ರಾಸ, ಛಂದಸ್ಸು, ಅಲಂಕಾರಗಳ ಸರದಿ ಅದರ ನಂತರದ್ದು. ಪದ್ಯ ಎಲ್ಲಿ ತಿರುಗುತ್ತದೆ ಎಂದು ಹುಡುಕಿದ ಮೇಲಷ್ಟೇ ‘ಇದರ ಭಾವವೇನು’ ಎಂಬ ಪ್ರಶ್ನೆ ಬರುತ್ತದೆ.

ಮಾದರಿಗಾಗಿ ಆರಿಸಿದ್ದು ನಮ್ಮ ಜಿಲ್ಲೆಗಳ ಮಕ್ಕಳಿಗೆ ಚಿರಪರಿಚಿತವಾದ, ಪಂಜೆ ಮಂಗೇಶರಾಯರ ‘ನಾಗರ ಹಾವೆ, ಹಾವೊಳು ಹೂವೆ’. ಇದರಲ್ಲಿ ವಿಶ್ಲೇಷಿಸಲು ಏನಿದೆ ಎಂದು ಕೆಲವು ಮಕ್ಕಳು ಕೇಳಿದ್ದುಂಟು. ಅಧ್ಯಾಪಕಿ ಉತ್ತರ ಹೇಳದೆ, ಮೊದಲ ಮೂರು ಸಾಲುಗಳ ಆರಂಭದ ಪದಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರು: ನಾಗರ, ಬಾಗಿಲ, ಕೈಗಳ. ಎರಡನೆಯ ಅಕ್ಷರ ಮೂರರಲ್ಲಿಯೂ ಗಕಾರವೇ ಎಂಬುದು ಮಕ್ಕಳ ಕಣ್ಣಿಗೆ ತಾನಾಗಿ ಬಿತ್ತು. ಇದೇ ಪದ್ಯದ ಎರಡನೆಯ ನುಡಿಯಲ್ಲಿ ಹಳದಿ, ಹೊಳಹು, ಕೊಳಲು ಎಂದು ಅದೇ ಜಾಗದಲ್ಲಿ ಳಕಾರ ಸಿಕ್ಕಾಗ ತರಗತಿಯಲ್ಲಿ ಸಂಭ್ರಮವೋ ಸಂಭ್ರಮ. ಮಂಗಳೂರಿನಲ್ಲಿ ಹುಟ್ಟಿದ ಗೋವಿಂದ ಪೈಗಳು 1911ರಲ್ಲಿ ಈ ಆದಿಪ್ರಾಸವನ್ನು ಬಿಟ್ಟು ಬರೆಯತೊಡಗಿದ ಸಂಗತಿಯನ್ನು ಅಧ್ಯಾಪಕಿ ಆಗ ಹೇಳಿದರು. ಬಿಟ್ಟದ್ದು ಏನನ್ನು ಎಂಬುದು ಕಣ್ಣೆದುರೇ ಇದ್ದುದರಿಂದ ಆ ಇಸವಿ ಮಕ್ಕಳ ನೆನಪಿನಲ್ಲಿ ನಿಂತಿದೆ.

ಅಕ್ಷರಗಳ ಲಘು-ಗುರು ಗುರುತಿಸಿ, ಉಚ್ಚಾರದ ಅಳತೆಯಾದ ಮಾತ್ರೆಗಳನ್ನು ಎಣಿಸುವ ಪ್ರಸ್ತಾರ ಹಾಕುವಾಗಲೂ ಹೀಗೆಯೇ. ‘ನಾಗರ’ ನಾಲ್ಕು ಮಾತ್ರೆ, ‘ಕೈಗಳ’ ನಾಲ್ಕು ಮಾತ್ರೆ, ಆದರೆ ‘ಮುಗಿವೆ’ ಕಾಗದದ ಮೇಲೆ ಮೂರೇ ಮಾತ್ರೆಯಾಗಿ ಮಕ್ಕಳು ತೊಡಕಿಗೆ ಸಿಲುಕಿದರು. ಕೈಯಲ್ಲಿ ತಾಳ ಹಾಕಿ ಹಾಡಿಸಿದಾಗ ಕೊನೆಯ ‘ವೆ’ ಎಳೆದು ದೀರ್ಘವಾಗುವುದು ಎಲ್ಲರಿಗೂ ಕೇಳಿಸಿತು. ಛಂದಸ್ಸನ್ನು ಕಿವಿಯಿಂದ ಕಲಿಯಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ತಿರುವನ್ನು ಹುಡುಕುವ ಹಂತ ಈ ಪದ್ಯದಲ್ಲಿ ಇನ್ನೂ ಸೊಗಸಾಗಿತ್ತು. ‘ಬಾ ಬಾ’ ಎಂದು ಕರೆದವನು, ಹಾಲು ಕೊಡುತ್ತೇನೆ ಎಂದವನು, ಮುಂದೆ ‘ತಾ ತಾ’ ಎಂದು ಹೊನ್ನು ಬೇಡಿ, ಕೊನೆಗೆ ‘ಪೋ ಪೋ’ ಎಂದು ಹೊರಗಟ್ಟುತ್ತಾನೆ. ನುಡಿಗಳ ಕೊನೆಯಲ್ಲಿ ಮರುಕಳಿಸುವ ಈ ಅಕ್ಷರಗಳನ್ನಷ್ಟೇ ಸಾಲಾಗಿ ಇಟ್ಟರೆ ಭಕ್ತಿ, ಆಸೆ, ಭಯ ಮೂರೂ ಕಾಣುತ್ತವೆ. ನಾಗಬನದಲ್ಲಿ ತನು ಎರೆಯುವುದನ್ನು, ಅಂದರೆ ನಾಗನಿಗೆ ಹಾಲು, ಎಳನೀರು ಅರ್ಪಿಸುವುದನ್ನು, ನೋಡಿ ಬೆಳೆದ ಮಕ್ಕಳು, ಕೈಮುಗಿಯುವುದೂ ಹೆದರುವುದೂ ಒಟ್ಟಿಗೇ ಇರುವ ಆ ಮನಸ್ಥಿತಿಯನ್ನು ತಮ್ಮ ಮಾತಿನಲ್ಲೇ ವಿವರಿಸಿದರು. ಮನೆಮಾತು ತುಳುವೋ ಕೊಂಕಣಿಯೋ ಕುಂದಗನ್ನಡವೋ ಆಗಿರುವ ಮಕ್ಕಳಿಗೆ ಅದರಲ್ಲೇ ಮೊದಲು ಹೇಳಿ, ಆಮೇಲೆ ಗ್ರಂಥಸ್ಥ ಕನ್ನಡದಲ್ಲಿ ಬರೆಯಲು ಬಿಡುತ್ತಾರೆ. ಇದು ಎಲ್ಲ ಶಾಲೆಗಳಲ್ಲೂ ಆಗಬೇಕಾದ ಕೆಲಸ.

ಆದರೆ ಹಂತಗಳ ಪಟ್ಟಿಯನ್ನು ಎಲ್ಲ ಪದ್ಯಗಳಿಗೂ ಒಂದೇ ರೀತಿ ಅನ್ವಯಿಸುವಲ್ಲಿ ಈ ತರಗತಿ ಎಡವುತ್ತದೆ. ಓದುವ ಮೊದಲು ಶೀರ್ಷಿಕೆ ನೋಡಿ ವಸ್ತುವನ್ನು ಊಹಿಸಬೇಕೆಂಬ ಸೂಚನೆ ಪಟ್ಟಿಯ ತಲೆಯಲ್ಲಿದೆ. ಹೊಸಗನ್ನಡ ಕವಿತೆಗೆ ಇದು ಸರಿ. ಕುಮಾರವ್ಯಾಸನಿಂದ ಆಯ್ದ ಭಾಗಕ್ಕೆ ಪಠ್ಯಪುಸ್ತಕದಲ್ಲಿರುವ ಶೀರ್ಷಿಕೆ ಸಂಪಾದಕರದು, ಕವಿಯದಲ್ಲ. ಅದರಿಂದ ಕವಿಯ ಉದ್ದೇಶವನ್ನು ಊಹಿಸಹೊರಟರೆ ಮಕ್ಕಳು ದಾರಿ ತಪ್ಪುತ್ತಾರೆ. ವಚನಕ್ಕೆ ಶೀರ್ಷಿಕೆಯೇ ಇಲ್ಲ, ವಚನಕಾರರು ತಮ್ಮ ಗುರುತಾಗಿ ಬಳಸುವ, ಹೆಚ್ಚಾಗಿ ಇಷ್ಟದೈವದ ಹೆಸರಾದ ಅಂಕಿತವಿದೆ. ವಚನಕಾರರು ಯಾರನ್ನು ಉದ್ದೇಶಿಸಿ ಮಾತಾಡುತ್ತಿದ್ದಾರೆ ಎಂಬುದಕ್ಕೆ ಅಂಕಿತ ದೊಡ್ಡ ಸುಳಿವಾಗಿದ್ದರೂ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಕುಮಾರವ್ಯಾಸ ಬಳಸಿದ ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಯ ಪಾಠವೂ ಲೆಕ್ಕಕ್ಕೆ ಸೀಮಿತವಾಯಿತು. ಮೂರು, ನಾಲ್ಕು ಮಾತ್ರೆಯ ಗಣಗಳನ್ನು ವಿಭಾಗಿಸಿ, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ ಎಂದು ಬರೆಸಿ ಮುಗಿಸಿದರು. ಉದ್ದನೆಯ ಸಾಲಿಗೆ ಬಂದಾಗ ಮಾತು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಪಂಜೆಯವರ ಪದ್ಯದಂತೆಯೇ ಹಾಡಿಸಿ ತೋರಿಸಬಹುದಿತ್ತು. ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ ಬಲ್ಲವರು ನಮ್ಮ ಊರಿನಲ್ಲಿ ಇದ್ದೇ ಇದ್ದಾರೆ. ಯಕ್ಷಗಾನದ ಹಾಡುಗಾರರಾದ ಭಾಗವತರ ಒಂದು ಪದ್ಯಕ್ಕೆ ಅರ್ಥಧಾರಿಗಳು ಬಹಳ ಹೊತ್ತು ಅರ್ಥ ಹೇಳುವ ತಾಳಮದ್ದಳೆ ಸುತ್ತಮುತ್ತ ನಡೆಯುತ್ತಿರುವಾಗ, ಒಂದು ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಕಷ್ಟವಾಗಲಾರದು.

ಬರವಣಿಗೆಯ ತಿದ್ದುಪಡಿ ಚೆನ್ನಾಗಿದೆ. ‘ಕವಿ ಇಲ್ಲಿ ಅದ್ಭುತವಾಗಿ ವರ್ಣಿಸಿದ್ದಾರೆ’ ಎಂದು ಬರೆದಲ್ಲೆಲ್ಲ ಅಂಚಿನಲ್ಲಿ ‘ಯಾವ ಪದದಲ್ಲಿ?’ ಎಂಬ ಪ್ರಶ್ನೆ ಕೆಂಪು ಶಾಯಿಯಲ್ಲಿ ಬಂದಿರುತ್ತದೆ. ಸಂದರ್ಭ ಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಗಳಿಗೆ ಮಗಳು ಈಗ ಸಾಲಿನೊಳಗಿನ ಪದವನ್ನೇ ಆಧಾರವಾಗಿ ಕೊಡುತ್ತಾಳೆ. ಪರೀಕ್ಷೆಗೆ ಸಿದ್ಧ ಉತ್ತರ ಬಯಸುವವರಿಗೆ ಇಲ್ಲಿ ನೋಟ್ಸ್ ಸಿಗುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿರುವ, ಪದ್ಯವೆಂದರೆ ಅಂಜುವ ಮಗುವಿದ್ದರೆ ಖಂಡಿತ ಸೇರಿಸಿ. ಹಳಗನ್ನಡ, ನಡುಗನ್ನಡಕ್ಕೆ ಪಟ್ಟಿಯನ್ನು ಬದಲಿಸಿಕೊಡುವಂತೆ ಸೇರಿಸುವಾಗಲೇ ಕೇಳಿಕೊಳ್ಳಿ.