ಮೂರು ದಿನ, 600 ರೂಪಾಯಿ: ಯುವ ಸಂಘಟಕರ ಶಿಬಿರವೊಂದರ ಬಗ್ಗೆ

ಮಂಡ್ಯ ಸೀಮೆಯ ಸ್ವಯಂಸೇವಾ ಸಂಸ್ಥೆಯೊಂದು ನಡೆಸುವ ಯುವ ಸಂಘಟಕರ ಶಿಬಿರಕ್ಕೆ ನಮ್ಮೂರಿನ ಆರು ಮಂದಿ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಮೂರು ದಿನದ ಊಟ, ವಸತಿ ಸೇರಿ ತಲಾ 600 ರೂಪಾಯಿ ಶುಲ್ಕ. ಒಟ್ಟು 32 ಶಿಬಿರಾರ್ಥಿಗಳು, 16ರಿಂದ 25ರ ಪ್ರಾಯದವರು. ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಆದರೆ ಮಕ್ಕಳನ್ನು ಇಂಥ ಶಿಬಿರಗಳಿಗೆ ಕಳುಹಿಸಬೇಕೇ ಎಂದು ಯೋಚಿಸುತ್ತಿರುವವರಿಗೆ ನಾನು ಕಂಡದ್ದು ಉಪಯೋಗಕ್ಕೆ ಬಂದೀತು.

ನಮ್ಮ ಕಡೆ ಯುವಜನರ ಚಟುವಟಿಕೆಗೂ ಜನರ ಸಂಘಟನೆಗೂ ಮೊದಲಿನಿಂದಲೂ ಅಷ್ಟಾಗಿ ನಂಟಿಲ್ಲ. 1972ರಲ್ಲಿ ಆರಂಭವಾದ ನೆಹರು ಯುವ ಕೇಂದ್ರಗಳ ಆಸರೆಯಲ್ಲಿ ಬೆಳೆದ ಯುವಕ ಮಂಡಲಗಳಲ್ಲಿ ನಾನು ಕಂಡವು ವಾಲಿಬಾಲ್, ರಾಜ್ಯೋತ್ಸವ, ಗಣಪತಿ ಕೂರಿಸುವುದು ಇಷ್ಟರಲ್ಲೇ ತೃಪ್ತವಾಗಿದ್ದವು. ನಾಲೆಯ ನೀರು, ಬೆಳೆಯ ಬೆಲೆ, ಸಾಲದ ಮಾತು ಬಂದಾಗ 1980ರಲ್ಲಿ ಹುಟ್ಟಿದ ರೈತ ಸಂಘದ ಹಿರಿಯರು ಮುಂದೆ ನಿಲ್ಲುತ್ತಿದ್ದರು. ಈಗಲೂ ನಿಲ್ಲುತ್ತಾರೆ, ಆದರೆ ನಮ್ಮೂರಿನ ಹಸಿರು ಶಾಲುಗಳು ಬಹುಪಾಲು ಅರವತ್ತು ದಾಟಿದವರ ಹೆಗಲ ಮೇಲಿವೆ. ಈ ಎರಡನ್ನೂ ಒಂದೇ ಕಡೆ ಕಲಿಸುತ್ತೇವೆಂದು ಶಿಬಿರದ ಕರಪತ್ರದಲ್ಲಿ ಅಚ್ಚಾಗಿತ್ತು, ಅದನ್ನು ನಂಬಿಯೇ ನಾವು ಹೋದದ್ದು.

ಮೊದಲ ದಿನದ ಬೆಳಗಿನ ಅವಧಿಯೊಂದಕ್ಕೇ ಕೊಟ್ಟ ಹಣ ಸಂದಾಯವಾಯಿತೆಂದು ಹೇಳಬಲ್ಲೆ. ಅಂಗಳದಲ್ಲಿ ಹುಡುಗರದ್ದೊಂದು, ಹುಡುಗಿಯರದ್ದೊಂದು ಗುಂಪು ಮಾಡಿ, ರಂಗೋಲಿ ಪುಡಿ ಕೊಟ್ಟು, ತಮ್ಮ ತಮ್ಮ ಊರಿನ ನಕ್ಷೆ ಬಿಡಿಸಲು ಹೇಳಿದರು. ಹುಡುಗರ ನಕ್ಷೆಯಲ್ಲಿ ಅರಳಿಕಟ್ಟೆ ಎಲ್ಲಕ್ಕಿಂತ ದೊಡ್ಡದಾಗಿ ನಡುಮಧ್ಯದಲ್ಲಿತ್ತು; ಅದರ ಸುತ್ತ ಡೇರಿ, ದೇವಸ್ಥಾನ, ಟೀ ಅಂಗಡಿ. ಹುಡುಗಿಯರ ನಕ್ಷೆಯಲ್ಲಿ ಕಟ್ಟೆಯೇ ಇರಲಿಲ್ಲ. ಮರೆತಿರಾ ಎಂದು ತರಬೇತುದಾರರು ಕೇಳಿದ್ದಕ್ಕೆ, ‘ಅಲ್ಲಿ ನಾವು ಕೂರೋ ಹಂಗೇ ಇಲ್ವಲ್ಲ ಮೇಡಂ, ಯಾಕ್ ಬರೀಬೇಕು?’ ಎಂದಳು ನಮ್ಮೂರಿನ ಹುಡುಗಿ. ಕಟ್ಟೆಯ ಬದಲಿಗೆ ಅವರು ಬೀದಿದೀಪ ಕೆಟ್ಟಿರುವ ಮೂರು ತಿರುವುಗಳನ್ನೂ ಬಸ್ ನಿಲ್ದಾಣವನ್ನೂ ಕೆಂಪು ಪುಡಿಯಲ್ಲಿ ಗುರುತಿಸಿದ್ದರು. ತರಬೇತುದಾರರು ಭಾಷಣಕ್ಕೆ ಹೊರಡದೆ, ಎರಡೂ ನಕ್ಷೆಗಳ ಸುತ್ತ ಎಲ್ಲರನ್ನೂ ಸುಮ್ಮನೆ ಒಂದು ಸುತ್ತು ನಡೆಸಿದರು. ಅನುಭವಸ್ಥರಿಗಷ್ಟೇ ಬರುವ ಸಂಯಮ ಅದು.

ಎರಡನೆಯ ದಿನ ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಅಭ್ಯಾಸವಿತ್ತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ಹುಡುಗರು ಎರಡು ಪುಟ ತುಂಬಿಸಿದ್ದನ್ನು ಕುಳಿತು ಕತ್ತರಿಸಿದರು. ‘ಸಮಸ್ತ ಗ್ರಾಮಸ್ಥರ ಪರವಾಗಿ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ’ ಎಂಬುದು ಮೊದಲು ಹೋಯಿತು. ಬಳಿಕ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕಾದ ವಾರ್ಡ್ ಸಭೆಯ ಅಣಕು ಪ್ರದರ್ಶನ. ಅದು ನಗೆಯಾಟವಾಗಿಯೇ ಮುಗಿಯಿತು.

ನನ್ನ ಮೊದಲ ಆಕ್ಷೇಪವೂ ಅಲ್ಲಿಯದೇ. ವಾರ್ಡ್ ಸಭೆಯಾಗಲಿ ಗ್ರಾಮಸಭೆಯಾಗಲಿ, ಸದಸ್ಯರಾಗಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಶಿಬಿರಾರ್ಥಿಗಳಲ್ಲಿ ಹತ್ತಾರು ಮಂದಿ 18 ತುಂಬದವರು. ಅವರಿಗೆಂದು ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ ಎಂಬುದನ್ನು, ಮಾಹಿತಿ ಹಕ್ಕಿನ ಅರ್ಜಿಗೆ ಮತದಾರರೇ ಆಗಿರಬೇಕಿಲ್ಲ, ನಾಗರಿಕರಾಗಿದ್ದರೆ ಸಾಕು ಎಂಬುದನ್ನು ನಾನು ಎದ್ದು ನಿಂತು ಕೇಳಿದ ಮೇಲಷ್ಟೇ ಹೇಳಿದರು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದದ್ದು. ಕೊನೆಯ ದಿನ ಪ್ರತಿ ಊರಿನವರೂ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಬೇಕಿತ್ತು. ನಮ್ಮ ಹುಡುಗಿಯರು ಬಸ್ಸಿನ ವಿಷಯ ಎತ್ತಿದರು: ಕಾಲೇಜಿನಲ್ಲಿ ಲ್ಯಾಬ್ ಮುಗಿಯುವುದು 4.45ಕ್ಕೆ, ಊರಿನ ಬಸ್ಸು ಹೊರಡುವುದು 4.30ಕ್ಕೆ, ಮುಂದಿನದು 6.30ಕ್ಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇನೋ ಉಚಿತವಾಯಿತು, ಹತ್ತುವುದಕ್ಕೆ ಬಸ್ಸು ಬೇಡವೇ? ಸಂಪನ್ಮೂಲ ವ್ಯಕ್ತಿಯೊಬ್ಬರು ಇದನ್ನು ಬದಿಗೆ ಸರಿಸಿ, ‘ಇಡೀ ಸಮುದಾಯದ ಸಮಸ್ಯೆ’ಯಾದ ಚರಂಡಿಯನ್ನು ಎತ್ತಿಕೊಳ್ಳುವಂತೆ ಎರಡೆರಡು ಬಾರಿ ಸೂಚಿಸಿದರು. ಚರಂಡಿ ಸಣ್ಣ ವಿಷಯವೆಂದು ನಾನು ಹೇಳುವುದಿಲ್ಲ. ಆದರೆ ಹದಿನೇಳರ ಹುಡುಗಿಗೆ ದಿನವೂ ಹತ್ತಿರ ಹತ್ತಿರ ಎರಡು ಗಂಟೆ ನಿಲ್ದಾಣದಲ್ಲಿ ಕಾಯುವುದು ಸಮುದಾಯದ ಸಮಸ್ಯೆಯಲ್ಲವಾದರೆ ಅವಳು ಸಮುದಾಯದವಳಲ್ಲವೆಂದೇ ಅರ್ಥ. ಹಿರಿಯರು ಮೊದಲೇ ತೀರ್ಮಾನಿಸಿದ ಕೆಲಸಕ್ಕೆ ಕಿರಿಯರನ್ನು ಜಮಖಾನ ಹಾಸಲು ಕರೆಯುವ ನಮ್ಮ ಹಳೆಯ ರೂಢಿ ಶಿಬಿರದೊಳಗೂ ನುಸುಳಿತ್ತು. ಮೊದಲ ದಿನ ನಕ್ಷೆ ಬರೆಸಿದ ಮೇಡಂ ಮಧ್ಯೆ ಪ್ರವೇಶಿಸಿದ್ದರಿಂದ ಬಸ್ಸು ಪಟ್ಟಿಯಲ್ಲಿ ಉಳಿಯಿತು.

ಉಪ್ಸಾರು, ಮುದ್ದೆ ಚೆನ್ನಾಗಿತ್ತು. ಅದನ್ನು ಉಂಡ ಮೇಲೆ ರಾತ್ರಿ ಒಂಬತ್ತಕ್ಕೆ ನಾಯಕತ್ವದ ಗುಣಗಳ ಮೇಲೆ ಪವರ್‌ಪಾಯಿಂಟ್ ಇಡುವವರ ಧೈರ್ಯವನ್ನು ಮೆಚ್ಚಬೇಕು. ಶಿಬಿರದ ನಂತರ ಆರು ತಿಂಗಳು ಪ್ರತಿ ತಿಂಗಳೂ ಊರಿಗೆ ಬಂದು ಜೊತೆಗೂಡುತ್ತೇವೆಂದು ಮಾತು ಕೊಟ್ಟಿದ್ದರು. ಬಂದದ್ದು ಒಂದೇ ಸಲ. ಶಿಬಿರಕ್ಕಿಂತ ಈ ಮಾತಿನ ಮೇಲೆಯೇ ನಾನು ಹೆಚ್ಚು ಭರವಸೆ ಇಟ್ಟಿದ್ದೆ, ಏಕೆಂದರೆ ಮನೆ ಮನೆಗೆ ಹೋಗಿ ಮಾತಾಡುವ ಕೆಲಸ ಅಂಗಳದಲ್ಲಿ ಕಲಿಯುವಂಥದ್ದಲ್ಲ.

ಆದರೂ ಹುಡುಗಿಯರು ಬಿಡಲಿಲ್ಲ. ಅಮ್ಮಂದಿರನ್ನು ಜೊತೆಗಿಟ್ಟುಕೊಂಡು 43 ಮನೆಗಳಿಗೆ ಹೋಗಿ ಸಹಿ ಹಾಕಿಸಿ, ಕಾಲೇಜಿನ ವೇಳಾಪಟ್ಟಿ ಲಗತ್ತಿಸಿ ಡಿಪೋಗೆ ಮನವಿ ಕೊಟ್ಟರು. ಎರಡನೆಯ ಭೇಟಿಗೆ ವಾಲಿಬಾಲ್ ಹುಡುಗರೂ ಹೋದರು, ಇಬ್ಬರು ಶಾಲಿನ ಹಿರಿಯರೂ ಹೋದರು. ಬಸ್ಸು ಈಗ 4.55ಕ್ಕೆ ಹೊರಡುತ್ತಿದೆ.

ಆದ್ದರಿಂದ ಶಿಬಿರಕ್ಕೆ ಕಳುಹಿಸಿ ಎಂದೇ ನನ್ನ ಸಲಹೆ, ಆದರೆ ಒಬ್ಬರನ್ನೇ ಕಳುಹಿಸಬೇಡಿ. ಒಂದೇ ಊರಿನಿಂದ ನಾಲ್ಕಾರು ಮಂದಿ ಹೋದರೆ ಮಾತ್ರ ಹಿಂದಿರುಗಿದ ಮೇಲೆ ಕೆಲಸ ಮುಂದುವರಿಯುತ್ತದೆ. ಶಿಬಿರದ ನಂತರದ ಭೇಟಿಗಳ ದಿನಾಂಕವನ್ನು ಹಣ ಕಟ್ಟುವ ಮೊದಲೇ ಬರೆಸಿಕೊಳ್ಳಿ. ಮುಂದಿನ ಬಾರಿ ಒಬ್ಬ ಹಿರಿಯರನ್ನೂ ಶಿಬಿರಾರ್ಥಿಯಾಗಿಯೇ ಸೇರಿಸಿಕೊಳ್ಳುತ್ತೀರಾ ಎಂದು ಸಂಸ್ಥೆಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.